ಹುಡುಗಿಯರಿಗೂ ಬಸ್ಕಿ ಹೊಡೆಸಿ

ನಿನ್ನೆ ಸಂಜೆಯ ಸಿಟ್ಟು ಇನ್ನೂ ಇಳಿದಿಲ್ಲ. ಕೊಪ್ಪಳದ ಒಂದು ಮೈದಾನದಲ್ಲಿ ವಾಲಿಬಾಲ್ ಪ್ರಾಕ್ಟೀಸ್ ನಡೆಯುತ್ತಿತ್ತು. ಹುಡುಗರು ಹೆಗಲ ಮೇಲೆ ಮರಳಿನ ಚೀಲ ಹೊತ್ತು ಬಸ್ಕಿ ಹೊಡೆಯುತ್ತಿದ್ದರು. ಹುಡುಗಿಯರು ಮೈದಾನ ಎರಡು ಸುತ್ತು ಓಡಿ ಸೀದಾ ಆಟಕ್ಕೆ ಇಳಿದರು. ಯಾಕೆ ಅಂತ ಕೇಳಿದೆ. "ಹೆಣ್ಮಕ್ಕಳಿಗೆ ಅದೆಲ್ಲ ಯಾಕ್ರೀ ಮೇಡಂ, ಮೈ ಗಂಡಸರಂಗ ಆಗ್ತೈತಿ" ಅಂದರು ಮಾಸ್ತರು.

ಅಷ್ಟರಲ್ಲಿ ಒಬ್ಬಳು ಸ್ಮ್ಯಾಶ್‌ಗೆ ಹಾರಿ ಒಂಟಿ ಕಾಲ ಮೇಲೆ ಇಳಿದಳು. ಮೊಣಕಾಲು ಮಡಿಯಲೇ ಇಲ್ಲ, ಒಳಗಡೆಗೆ ವಾಲಿತು. ಅವಳಿಗೆ ಏನೂ ಆಗಲಿಲ್ಲ. ನನಗೆ ಎದೆ ಧಸಕ್ಕೆಂದಿತು.

ಮೊಣಕಾಲಿನೊಳಗೆ ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಹಿಡಿದಿಡುವ ಗಟ್ಟಿ ಪಟ್ಟಿ ಎಸಿಎಲ್ ಲಿಗಮೆಂಟ್. ಅದು ಜಾಸ್ತಿ ಸಲ ಹರಿಯೋದು ಹೀಗೇ. ಯಾರೂ ಬಂದು ಡಿಕ್ಕಿ ಹೊಡೆಯಬೇಕಿಲ್ಲ. ಓಡುತ್ತಾ ಗಕ್ಕನೆ ನಿಂತಾಗ, ತಿರುಗಿದಾಗ, ಹಾರಿ ಇಳಿದಾಗ ಆಗಿಬಿಡುತ್ತದೆ. ಆಪರೇಷನ್ ಆದರೆ ಮತ್ತೆ ಆಟಕ್ಕೆ ಬರಲು 9 ತಿಂಗಳಾದರೂ ಬೇಕು. ನನ್ನ ಎಡಗಾಲಿಗೂ ಇದೇ ಗಾಯ ಆಗಿತ್ತು. ಈಗಲೂ ಮೆಟ್ಟಿಲು ಇಳಿಯುವಾಗ ಕೈ ಗೋಡೆ ಹುಡುಕುತ್ತದೆ. 2017ರಲ್ಲಿ ಜಿಮ್ನಾಸ್ಟ್ ದೀಪಾ ಕರ್ಮಾಕರ್‌ಗೆ, 2023ರಲ್ಲಿ ಕುಸ್ತಿಪಟು ವಿನೇಶ್ ಫೋಗಟ್‌ಗೆ ಮೊಣಕಾಲಿನ ಆಪರೇಷನ್ ಆಯಿತು. ಅವರ ಬೆನ್ನಿಗೆ ಡಾಕ್ಟರು, ಫಿಸಿಯೋ ಇದ್ದರು. ಹೊಲದ ಕೆಲಸ ಬಿಟ್ಟು ಮಗಳನ್ನು ಕರೆದುಕೊಂಡು ಆಸ್ಪತ್ರೆ ಅಲೆಯುವ ಅಪ್ಪನಿಗೆ ಯಾರಿದ್ದಾರೆ?

ಹಾರುವ, ತಿರುಗುವ ಆಟಗಳಲ್ಲಿ ಈ ಗಾಯ ಹುಡುಗರಿಗಿಂತ ಹುಡುಗಿಯರಿಗೇ ಹಲವು ಪಟ್ಟು ಜಾಸ್ತಿ. ಮೈನೆರೆಯುವ ವಯಸ್ಸಿನಲ್ಲಿ ಎತ್ತರ, ತೂಕ ಬೆಳೆಯುತ್ತವೆ. ಆದರೆ ತೊಡೆ, ಸೊಂಟದ ಸ್ನಾಯುಗಳ ಬಲ ಹುಡುಗರಿಗೆ ಏರಿದಷ್ಟು ಏರುವುದಿಲ್ಲ. ಅಂದರೆ ಬಸ್ಕಿ ಮೊದಲು ಯಾರಿಗೆ ಬೇಕು? ಹುಡುಗಿಯರಿಗೇ ಅಲ್ವಾ? ಅವರನ್ನೇ ಬದಿಗಿಟ್ಟಿದ್ದಾರಲ್ಲ, ಅದೇ ನನ್ನ ಸಂಕಟ.

ಮೈ ಗಂಡಸರ ಹಾಗೆ ಆಗುವ ಮಾತು ಸುಮ್ನೆ ಭಯ. ಅಷ್ಟು ಸ್ನಾಯು ಬೆಳೆಯಲು ಬೇಕಾದ ಹಾರ್ಮೋನು ಹುಡುಗಿಯರಲ್ಲಿ ತೀರಾ ಕಡಿಮೆ. ಬಸ್ಕಿ ಹೊಡೆದರೆ ಎತ್ತರ ಬೆಳೆಯೋದು ನಿಲ್ಲುತ್ತದೆ ಅನ್ನೋದೂ ಸುಳ್ಳು. ನಮ್ಮೂರಲ್ಲಿ ಜಿಮ್ ಎಲ್ಲಿದೆ ಅಂತೀರಾ? ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದವರ '11 ಪ್ಲಸ್' ವಾರ್ಮಪ್‌ಗೆ ಜಿಮ್ಮೇ ಬೇಡ. 20 ನಿಮಿಷ ಓಟ, ಬಸ್ಕಿ, ಒಂಟಿ ಕಾಲಲ್ಲಿ ನಿಲ್ಲೋದು, ಹಾರಿ ಮೆತ್ತಗೆ ಇಳಿಯೋದು, ಅಷ್ಟೇ. ನಾರ್ವೆಯಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಹುಡುಗಿಯರಿಗೆ ಇದನ್ನು ಮಾಡಿಸಿ ನೋಡಿದರು. 2008ರಲ್ಲಿ ಫಲಿತಾಂಶ ಬಂತು. ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ ಇಳಿದಿದ್ದವು.

ಖೊಖೊ, ಕಬಡ್ಡಿ, ವಾಲಿಬಾಲ್ ಆಡುವ ಹೆಣ್ಣುಮಕ್ಕಳ ಅಪ್ಪ-ಅಮ್ಮಂದಿರೇ, ಮಾಸ್ತರನ್ನು ಕೇಳಿ. ನನ್ನ ಮಗಳಿಗೆ ಬಸ್ಕಿ ಯಾವಾಗ ಶುರು ಮಾಡಿಸ್ತೀರಿ ಅಂತ ನೇರವಾಗಿ ಕೇಳಿ. ಮಾಸ್ತರರೇ, ಹೇಗೆ ಇಳಿಯಬೇಕು ಅನ್ನೋದನ್ನ ಮಕ್ಕಳಿಗೆ ತೋರಿಸಲು ಯಾರೂ ಇಲ್ಲ ಅಂದರೆ ನನಗೆ ಮೆಸೇಜ್ ಮಾಡಿ. ಭಾನುವಾರ ಬೆಳಿಗ್ಗೆ ನಾನೇ ಬರುತ್ತೇನೆ.