ಹೆಸರಿಲ್ಲದ ವಾಲಿವಧೆ

ಒಂದೂವರೆ ವರ್ಷದಿಂದ ಹುಡುಕುತ್ತಿದ್ದ ತಾಳಮದ್ದಳೆಯೊಂದು, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನವೊಂದು, ನಿನ್ನೆ ರಾತ್ರಿ ಹನ್ನೊಂದೂವರೆಗೆ ಸಿಕ್ಕಿತು. ಸಂತೋಷವಾಗಬೇಕಿತ್ತು, ಮೈ ಉರಿಯಿತು. ಎರಡು ಗಂಟೆ ನಲವತ್ತು ನಿಮಿಷಗಳ ಆ ‘ವಾಲಿವಧೆ’ಗೆ ಅದನ್ನು ಯೂಟ್ಯೂಬಿಗೆ ಏರಿಸಿದ ಮಹಾನುಭಾವರು ಕೊಟ್ಟ ಶೀರ್ಷಿಕೆ ‘ಇಂಥ ಮಾತು ನೀವು ಕೇಳಿರಲು ಸಾಧ್ಯವೇ ಇಲ್ಲ!!! ಕೊನೆಯವರೆಗೂ ನೋಡಿ’ ಎಂಬುದು. ಪ್ರಸಂಗದ (ಆಡುವ ಕಥೆಯ) ಹೆಸರಿಲ್ಲ, ಪದ್ಯ ಹಾಡಿದ ಭಾಗವತರ ಹೆಸರಿಲ್ಲ, ಅರ್ಥ ಹೇಳಿದವರು, ಅಂದರೆ ಪಾತ್ರಗಳಾಗಿ ಮಾತಾಡಿದವರು ಯಾರು, ಯಾವ ಊರು, ಯಾವ ವರ್ಷ ಎಂಬ ಸುಳಿವೂ ಇಲ್ಲ. ವಿವರಣೆಯ ಜಾಗದಲ್ಲಿ ಹದಿನಾಲ್ಕು ಹ್ಯಾಷ್‌ಟ್ಯಾಗುಗಳಿವೆ, ಅವುಗಳಲ್ಲಿ ಒಂದು ಕ್ರಿಕೆಟ್ಟಿನದು. ವಾಲಿ ಯಾವ ತಂಡಕ್ಕೆ ಆಡುತ್ತಿದ್ದನೋ ನಾನರಿಯೆ.

ನನ್ನ ಹುಚ್ಚು ಇಲ್ಲಿರುವ ಗೆಳೆಯರಿಗೆ ಹೊಸದಲ್ಲ. ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಊರಿನಲ್ಲಿ ತಾಳಮದ್ದಳೆಯ ಕಾಲ. ಬೆಂಗಳೂರಿನ ಈ ಮೂರನೆಯ ಮಹಡಿಯಲ್ಲಿ ಕುಳಿತ ನನಗೆ ಫೋನೇ ಚಾವಡಿ. ನಾನು ಹುಡುಕುತ್ತಿದ್ದುದು ನನ್ನ ಅಪ್ಪನ ಬಳಿ ಇದ್ದ ಒಂದು ಕ್ಯಾಸೆಟ್ಟಿನ ಮೂಲವನ್ನು. ತಗಡಿನ ಮಾಡಿನ ಮೇಲೆ ಮಳೆ ಸುರಿಯುವ ಸದ್ದು ಅದರ ಉದ್ದಕ್ಕೂ ಇತ್ತು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಿರುವಾಗಲೇ ಕರೆಂಟು ಹೋಗುತ್ತದೆ, ಸಭೆಯಲ್ಲಿ ಗುಜುಗುಜು ಏಳುತ್ತದೆ, ಆಗ ಅರ್ಥಧಾರಿಗಳು ಒಂದು ಕ್ಷಣವೂ ತಡೆಯದೆ ‘ಮರೆಯಲ್ಲಿ ನಿಂತು ಹೊಡೆಯುವವನಿಗೆ ಕತ್ತಲೆ ಒಗ್ಗೀತು ರಾಮಾ, ಎದುರು ನಿಂತು ಕೇಳುವ ನನಗೆ ಬೆಳಕು ಬೇಕು’ ಎನ್ನುತ್ತಾರೆ. ಸಭೆ ನಗುತ್ತದೆ, ಯಾರೋ ಗ್ಯಾಸ್‌ಲೈಟು ತರುತ್ತಾರೆ. ಆ ಕ್ಯಾಸೆಟ್ಟನ್ನು ನಮ್ಮ ಟೇಪ್‌ರೆಕಾರ್ಡರ್ ನುಂಗಿ ಇಪ್ಪತ್ತು ವರ್ಷವಾಯಿತು.

ವೇಷ ಕಟ್ಟಿದ ಆಟವಾದರೆ ಶೀರ್ಷಿಕೆ ಕೆಟ್ಟಿದ್ದರೂ ಚಿತ್ರ ನೋಡಿ ತೆಂಕು ಶೈಲಿಯೋ ಬಡಗು ಶೈಲಿಯೋ ಎಂದಾದರೂ ಹೇಳಬಹುದು, ವೇಷದ ಮೇಲೆ ಪಾತ್ರವನ್ನು ಊಹಿಸಬಹುದು. ತಾಳಮದ್ದಳೆಯಲ್ಲಿ ಇರುವುದು ಬಿಳಿ ಪಂಚೆ ಉಟ್ಟು ಶಾಲು ಹೊದ್ದು ಕುಳಿತ ಐದಾರು ಜನ. ಹಳೆಯ ಧ್ವನಿಮುದ್ರಿಕೆಯಾದರೆ ಅದೂ ಇಲ್ಲ, ಮೂರು ಗಂಟೆಯುದ್ದಕ್ಕೂ ಒಂದೇ ಗಣಪತಿಯ ಚಿತ್ರ. ಹೆಸರು ಬರೆಯದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ಹೋದರು, ಭಾಗವತ ಕಾಳಿಂಗ ನಾವಡರು 1990ರಲ್ಲೇ ಹೋದರು. ಅಂಥವರ ಅರ್ಥವನ್ನಾಗಲಿ ಪದ್ಯವನ್ನಾಗಲಿ ಇನ್ನೊಮ್ಮೆ ಮುದ್ರಿಸಿಕೊಳ್ಳುವ ಹಾಗಿಲ್ಲ, ಯಾರದೋ ಕಪಾಟಿನಲ್ಲಿ ಉಳಿದ ಕ್ಯಾಸೆಟ್ಟೇ ಗತಿ. ಹೆಸರು ಬರೆದರೂ ಕಷ್ಟ ತಪ್ಪಿದ್ದಲ್ಲ. ಒಬ್ಬರು ‘ನಾವಡ’ ಎಂದರೆ ಇನ್ನೊಬ್ಬರು ‘ನಾವುಡ’ ಎನ್ನುತ್ತಾರೆ, ಮತ್ತೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಗೆ ಬಂದಂತೆ ಬರೆಯುತ್ತಾರೆ, ಹೀಗಾಗಿ ಒಂದೇ ಭಾಗವತರನ್ನು ನಾಲ್ಕು ಸಲ ಹುಡುಕಬೇಕು. ಆದರೆ ನಾಲ್ಕು ಸಲ ಹುಡುಕಲು ನಾನು ತಯಾರಿದ್ದೇನೆ. ಬರೆಯದೇ ಇದ್ದದ್ದನ್ನು ನಲವತ್ತು ಸಲ ಹುಡುಕಿದರೂ ಸಿಗುವುದಿಲ್ಲ.

ಪುಕ್ಕಟೆಯಾಗಿ ಹಾಕಿದವರನ್ನು ಬೈಯುವುದು ಸರಿಯೇ ಎಂದು ಕೇಳುವವರಿದ್ದೀರಿ, ಕಳೆದ ಬಾರಿಯೂ ಕೇಳಿದ್ದೀರಿ. ಶೀರ್ಷಿಕೆಗೆ 100 ಅಕ್ಷರಗಳ ಜಾಗವಿದೆ, ವಿವರಣೆಗೆ 5,000. ಬಾಯಿ ತೆರೆದ ಮುಖವೊಂದನ್ನು ಅಂಟಿಸಿ, ಅದಕ್ಕೆ ಕೆಂಪು ಬಾಣ ಬಿಡಿಸಿ, ಹದಿನಾಲ್ಕು ಹ್ಯಾಷ್‌ಟ್ಯಾಗು ಹೊಂದಿಸಲು ಪುರುಸೊತ್ತು ಇದ್ದವರಿಗೆ ‘ವಾಲಿವಧೆ’ ಎಂಬ ನಾಲ್ಕು ಅಕ್ಷರ ಬರೆಯಲು ಪುರುಸೊತ್ತು ಇರಲಿಲ್ಲ ಎಂಬುದನ್ನು ನಾನು ನಂಬುವುದಿಲ್ಲ.

ನನ್ನ ಮಗನ ವಾದ ಇನ್ನೊಂದು. ‘ಅಪ್ಪ, ಹುಡುಕುವ ಕಾಲ ಹೋಯ್ತು. ನಿಮಗೆ ಬೇಕಾದ್ದನ್ನು ಯೂಟ್ಯೂಬೇ ತಂದು ಕೊಡ್ತದೆ’ ಎನ್ನುತ್ತಾನೆ. ನಿಜ ಹೇಳಬೇಕೆಂದರೆ ನಿನ್ನೆ ಆ ವಾಲಿ ಕಂಡದ್ದು ಮಿಕ್ಸಿಯ ಬ್ಲೇಡು ಬಿಚ್ಚುವುದು ಹೇಗೆಂದು ತೋರಿಸುವ ವಿಡಿಯೊದ ಕೆಳಗೆ, ಶಿಫಾರಸಿನ ಸಾಲಿನಲ್ಲಿ. ಅವನು ಇದನ್ನು ಗೆಲುವೆಂದು ಭಾವಿಸಿದ್ದಾನೆ. ಗಾಳಿಗೆ ಬಿದ್ದ ತೆಂಗಿನಕಾಯಿಗೆ ಯಾರಾದರೂ ಕೊಯ್ಲಿನ ಕೂಲಿ ಕೊಡುತ್ತಾರೆಯೇ? ನಮ್ಮ ಅಭಿರುಚಿಯನ್ನು ಯಂತ್ರಕ್ಕೆ ಹೇಳಿಕೊಡಬಹುದು ಎಂಬುದೂ ಅರ್ಧ ಸುಳ್ಳೇ. 20,000ಕ್ಕೂ ಹೆಚ್ಚು ಯೂಟ್ಯೂಬ್ ಬಳಕೆದಾರರ ನೆರವಿನಿಂದ ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ‘ಆಸಕ್ತಿ ಇಲ್ಲ’ ಎಂಬ ಗುಂಡಿ ತಡೆದದ್ದು ಬೇಡದ ಶಿಫಾರಸುಗಳಲ್ಲಿ ಸುಮಾರು 11 ಶೇಕಡಾವನ್ನು ಮಾತ್ರ. ‘ಈ ಚಾನೆಲ್ ಶಿಫಾರಸು ಮಾಡಬೇಡಿ’ ಎಂಬುದೇ ಇಂಥ ಗುಂಡಿಗಳಲ್ಲಿ ವಾಸಿ, ಅದೂ 43 ಶೇಕಡಾ. ಒಂದು ವೇಳೆ ಅದು ನೂರಕ್ಕೆ ನೂರು ಕೇಳಿದರೂ, ನನಗೆ ಬೇಕಾದದ್ದು ‘ಇಂಥದ್ದೇ ಇನ್ನಷ್ಟು’ ಅಲ್ಲ, ಆ ಒಂದು, ಕರೆಂಟು ಹೋದ ರಾತ್ರಿಯದು.

ಹಾಗಾಗಿ ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಐದು ಅಂಕಣ ಮಾಡಿಕೊಂಡಿದ್ದೇನೆ: ಪ್ರಸಂಗ, ಹಿಮ್ಮೇಳ (ಹಾಡು, ವಾದ್ಯದವರು), ಅರ್ಥಧಾರಿಗಳು, ಸ್ಥಳ ಮತ್ತು ವರ್ಷ, ಯಾವ ನಿಮಿಷಕ್ಕೆ ಏನು. ಮೊದಲು ಎಲ್ಲವನ್ನೂ ಫೋನಿನಲ್ಲೇ, ಒಬ್ಬೊಬ್ಬ ಅರ್ಥಧಾರಿಗೆ ಒಂದೊಂದು ಪ್ಲೇಲಿಸ್ಟ್ ಎಂದು ಜೋಡಿಸಲು ಹೋಗಿದ್ದೆ. ಒಂದೇ ಕೂಟದಲ್ಲಿ ಐದು ಜನ ಘಟಾನುಘಟಿಗಳಿದ್ದರೆ ಅದೇ ವಿಡಿಯೊ ಐದು ಕಡೆ ಸೇರಿ, ಯಾವುದನ್ನು ಕೇಳಿಯಾಯಿತು ಯಾವುದು ಬಾಕಿ ಎಂಬುದೇ ತಿಳಿಯದಾಯಿತು. ಈಗ ಪ್ರಸಂಗಕ್ಕೊಂದು ಪ್ಲೇಲಿಸ್ಟ್. ‘ನಂತರ ನೋಡಿ’ ಎಂಬ ಪಟ್ಟಿಯ ಮಾತು ಬೇಡ, ಅದು ನಮ್ಮ ಹಳೆಯ ಮನೆಯ ಅಟ್ಟ, ಹತ್ತಿದವರು ಕೆಮ್ಮುತ್ತ ಇಳಿಯುತ್ತಾರೆ. ಪ್ಲೇಲಿಸ್ಟ್ ಇದ್ದ ಮೇಲೆ ನೋಟ್‌ಬುಕ್ ಏಕೆ ಎಂದರೆ, ಏರಿಸಿದವರು ವಿಡಿಯೊ ತೆಗೆದುಹಾಕಿದ ದಿನ ಆ ಪಟ್ಟಿಯಲ್ಲಿ ಅದರ ಹೆಸರೂ ಉಳಿಯುವುದಿಲ್ಲ. ಕಳೆದುಹೋದದ್ದು ಏನೆಂದು ತಿಳಿಯದೆ ಮರುಗುವುದಾದರೂ ಹೇಗೆ?

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಮುಚ್ಚಿಟ್ಟರೆ ತಪ್ಪಾದೀತು. 2014ರ ಆಟಿ ತಿಂಗಳ ಮಳೆಗಾಲದಲ್ಲಿ ನಮ್ಮ ಮನೆಯ ಜಗಲಿಯಲ್ಲೇ ಒಂದು ಕೂಟ ನಡೆಯಿತು. ದೊಡ್ಡಪ್ಪ ಜಾಂಬವಂತನ ಅರ್ಥ ಹೇಳಿದರು, ಅದೇ ಅವರ ಕೊನೆಯದು. ಅದನ್ನು ಫೋನಿನಲ್ಲಿ ಹಿಡಿದು ಅಂದೇ ಏರಿಸಿದವನು ನಾನು. ಶೀರ್ಷಿಕೆ ಏನು ಗೊತ್ತೇ? ಫೋನು ತಾನೇ ಇಟ್ಟ ‘ವಿಐಡಿ’ ಮತ್ತು ಒಂದು ಸಾಲು ಅಂಕಿಗಳು. ನಿನ್ನೆ ಸಿಟ್ಟಿನ ಭರದಲ್ಲಿ ಅದನ್ನು ತೆರೆದು ಹೆಸರು ಸೇರಿಸಲು ಕುಳಿತೆ. ಭಾಗವತರು ನೆನಪಾದರು, ಬಲರಾಮನ ಅರ್ಥ ಹೇಳಿದವರು ಯಾರೆಂದು ನೆನಪಾಯಿತು. ಮದ್ದಳೆಗೆ ಕುಳಿತವರು, ಎಡಗಡೆ ಕಂಬಕ್ಕೆ ಒರಗಿದ, ಕನ್ನಡಕದ ಒಂದು ಕಾಲಿಗೆ ನೂಲು ಸುತ್ತಿದ್ದ ಆ ಹಿರಿಯರು ಯಾರೆಂದು ಹೊಳೆಯಲೇ ಇಲ್ಲ. ಬೆಳಿಗ್ಗೆ ಚಿಕ್ಕಪ್ಪನಿಗೆ ಫೋನು ಮಾಡಿದೆ. ‘ದೊಡ್ಡಣ್ಣನೇ ಕರೆಸಿದ ಜನ ಮಾರಾಯ, ಅವನಲ್ಲೇ ಕೇಳಬೇಕಿತ್ತು’ ಎಂದರು. ಆ ಅಂಕಣ ಖಾಲಿ ಬಿಟ್ಟಿದ್ದೇನೆ. ಗುರುತು ಸಿಕ್ಕವರು ದಯವಿಟ್ಟು ತಿಳಿಸಿ.

ಆ ವಾಲಿವಧೆಯನ್ನು ಮಾತ್ರ ರಾತ್ರಿ ಎರಡು ಗಂಟೆಯವರೆಗೆ ಕುಳಿತು ಕೇಳಿದೆ. ಕರೆಂಟು ಹೋಗುವುದು 1 ಗಂಟೆ 52ನೆಯ ನಿಮಿಷಕ್ಕೆ. ಪ್ರಸಂಗದ ಹೆಸರು, ಧ್ವನಿಯಿಂದ ಗುರುತು ಹಿಡಿದ ನಾಲ್ವರ ಹೆಸರು, ಯಾವ ನಿಮಿಷಕ್ಕೆ ಯಾರ ಪೀಠಿಕೆ ಎಂಬ ವಿವರ, ಎಲ್ಲವನ್ನೂ ಸೊನ್ನೆಯಿಂದ ಆರಂಭಿಸಿ ಸಮಯದ ಕ್ರಮದಲ್ಲಿ ಕಾಮೆಂಟಿನಲ್ಲಿ ಬರೆದು, ಇದನ್ನು ಹಾಗೆಯೇ ವಿವರಣೆಯ ಜಾಗಕ್ಕೆ ಅಂಟಿಸಿದರೆ ಅಧ್ಯಾಯಗಳು ತಾವಾಗಿಯೇ ಮೂಡುತ್ತವೆ ಎಂದೂ ವಿನಂತಿಸಿಕೊಂಡೆ. ಮಧ್ಯಾಹ್ನ ಉತ್ತರ ಬಂದಿದೆ. ‘ಥ್ಯಾಂಕ್ಸ್ ಬ್ರೋ, ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ.’ ಶೀರ್ಷಿಕೆಯಲ್ಲೂ ಒಂದು ತಿದ್ದುಪಡಿಯಾಗಿದೆ: ಮೂರು ಆಶ್ಚರ್ಯಸೂಚಕಗಳಿದ್ದವು, ಈಗ ಐದಾಗಿವೆ.