ಭಾವನ ಎಂಜಿಬಿಗೆ ಉಸಿರು ಕಟ್ಟಿದ್ದು

ನಮ್ಮ ಭಾವನ ಹತ್ತಿರ ಒಂದು ಎಂಜಿಬಿ ಇದೆ. 1960ರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1798 ಸಿಸಿ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಎಸ್‌ಯು ಕಾರ್ಬ್ಯುರೇಟರ್, ಒಂದೊಂದಕ್ಕೂ ಬೇರೆ ಏರ್ ಫಿಲ್ಟರ್. ಚಿಕ್ಕಮಗಳೂರಿನಲ್ಲಿ ಸ್ಪೇರ್ ಪಾರ್ಟ್ಸ್ ಕೇಳಲು ಹೋದರೆ, ‘ಎಂಜಿ’ ಅನ್ನುವುದರೊಳಗೆ ಈಗಿನ ಎಂಜಿ ಕಾರಿನ ಹೆಸರು ಹಿಡಿದು “ಹೆಕ್ಟರಾ ಸಾರ್?” ಅನ್ನುತ್ತಾರೆ. ಅಲ್ಲ ಅಂದರೆ ಎಂ.ಜಿ. ರೋಡಿಗೆ ದಾರಿ ತೋರಿಸುತ್ತಾರೆ.

ಮೊದಲು ಇದ್ದದ್ದು ತಗಡಿನ ಡಬ್ಬಿ, ಒಳಗೆ ಪೇಪರ್ ಫಿಲ್ಟರ್. ಚೆನ್ನಾಗೇ ಇತ್ತು. ಆದರೆ ಭಾವನಿಗೆ, ಬಾನೆಟ್ ಎತ್ತಿದರೆ ಜನ ಬಾಯಿ ಬಿಡಬೇಕು. ಫೋಮಿನದ್ದು ಬೇಡ ಅಂದರು, ಅಕ್ಕ ಪಾತ್ರೆ ಉಜ್ಜೋಕೆ ಒಯ್ದುಬಿಟ್ಟಾಳು ಅಂತ. ಕೊನೆಗೆ ಕೆ ಅಂಡ್ ಎನ್ ಕಂಪನಿಯ ಕಾಟನ್ ಫಿಲ್ಟರ್ ಅಂತ ತೀರ್ಮಾನವಾಯಿತು. ಅದನ್ನು ತೊಳೆದು, ಒಣಗಿಸಿ, ಎಣ್ಣೆ ಹಾಕಿ ಮತ್ತೆ ಬಳಸಬೇಕು. “ಆಷಾಢದ ಮಳೆಯಲ್ಲಿ ಬನಿಯನ್ನೇ ಒಣಗಲ್ಲ, ಇದೆಲ್ಲಿ ಒಣಗುತ್ತೆ ಭಾವ?” ಅಂದೆ. ನನ್ನ ಇನ್ನೊಂದು ತಕರಾರೂ ಇತ್ತು. ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್, ಹೊಗೆ ಹೋಗುವ ಮ್ಯಾನಿಫೋಲ್ಡ್ ಎರಡೂ ಒಂದೇ ಪಕ್ಕ. ಡಬ್ಬಿಯಿಲ್ಲದ ಫಿಲ್ಟರ್ ಎಳೆಯೋದು ಅಲ್ಲಿನ ಬಿಸಿ ಗಾಳಿಯನ್ನೇ ಅಲ್ವಾ?

“ನೀನು ಸ್ಕೂಟರ್ ಓಡಿಸೋನು, ಸುಮ್ನಿರು.”

ಫಿಲ್ಟರ್ ಬಂತು. ಭಾವನೇ ಕೂರಿಸಿದರು. ಅಂಗಳದಲ್ಲಿ ನಿಂತಲ್ಲೇ ಓಡಿಸಿದಾಗ ಭೇಷಾಗಿತ್ತು. ಮುಳ್ಳಯ್ಯನಗಿರಿ ಕಡೆ ಹೊರಟೆವು. ಕೈಮರ ದಾಟಿ ಏರು ಶುರುವಾಗಿದ್ದೇ ತಡ, ಆಕ್ಸಿಲರೇಟರ್ ಒತ್ತಿದಷ್ಟೂ ಕೆಮ್ಮು. ಕಾಫಿ ಹಣ್ಣು ತುಂಬಿದ ಟ್ರಾಕ್ಟರ್ ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿತು. ಮೂಟೆಯ ಮೇಲೆ ಕೂತ ಹುಡುಗ ಕೈ ಬೀಸಿದ. ಭಾವ ತುಂಬಾ ಹೊತ್ತು ಕನ್ನಡಿ ಸರಿಮಾಡಿಕೊಂಡರು.

ಪೇಟೆಯಿಂದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಂದರು. ಫಿಲ್ಟರ್ ಬಿಚ್ಚಿ, ಅದರ ಹಿಂದೆ ಸಂದು ಮುಚ್ಚಲು ಇಡುವ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. ಎಸ್‌ಯು ಕಾರ್ಬ್ಯುರೇಟರಿನ ಬಾಯಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ಅವುಗಳಿಂದ ಗಾಳಿ ಕಾರ್ಬ್ಯುರೇಟರಿನ ಒಳಗೇ ಇರುವ ಪಿಸ್ಟನ್ನಿನ ಅಡಿಗೆ ಹೋದರೇನೇ ಅದು ಸರಿಯಾಗಿ ಮೇಲೇಳುವುದು. ಭಾವ ಗ್ಯಾಸ್ಕೆಟ್ಟನ್ನು ಉಲ್ಟಾ ಕೂರಿಸಿ ಆ ತೂತುಗಳನ್ನೇ ಮುಚ್ಚಿದ್ದರು.

“ಮೂಗು ಹಿಡಿದು ಗುಡ್ಡ ಹತ್ತು ಅಂದ್ರೆ ಹೆಂಗೆ ಸಾರ್?” ಅಂದರು ಮೆಕ್ಯಾನಿಕ್. “ಮೂಲದ ಡಬ್ಬಿ ಇದೆಯಾ?”

ಭಾವನಿಗೆ ಆ ಮಾತು ಕೇಳಿಸಲೇ ಇಲ್ಲ.

ಗ್ಯಾಸ್ಕೆಟ್ ತಿರುಗಿಸಿದ ಮೇಲೆ ಕಾರು ಹತ್ತಿತು. ಮೊದಲಿಗಿಂತ ಜೋರಾಗಿ ಹತ್ತಿತಾ? ನನಗಂತೂ ಗೊತ್ತಾಗಲಿಲ್ಲ. ಆದರೆ ಗಾಳಿ ಎಳೆಯುವ ಗೊರಗೊರ ಸದ್ದು ಮಾತ್ರ ಜಾಸ್ತಿಯಾಗಿದೆ. ಅದರ ಲಾಭವೆಲ್ಲ ಅಕ್ಕನಿಗೆ. ಭಾವ ಇನ್ನೂ ತೋಟದ ತಿರುವಿನಲ್ಲಿರುವಾಗಲೇ ಕಾಫಿಗೆ ಹಾಲಿಡುತ್ತಾಳೆ.