ಬಿಡು ಅಂದ್ರೆ ಬಿಡೋದಷ್ಟೇ ಅಲ್ಲ

"ಸಿಗರೇಟು ಬಿಟ್ಟೆ ಅಂತ ಹೊಗೆ ಬಿಡ್ತಾ ರೀಲು ಬಿಟ್ಟ."

ಈ ವಾಕ್ಯ ಓದಿ ಯಾವ ಕನ್ನಡಿಗರೂ ತಡವರಿಸುವುದಿಲ್ಲ. ಮೂರು ಸಲ ಬಂದಿರುವುದು ಒಂದೇ ಕ್ರಿಯಾಪದ. ಮೊದಲನೆಯದು ನಿಲ್ಲಿಸಿದ್ದು, ಎರಡನೆಯದು ಬಾಯಿಂದ ಹೊರಗೆ ಹಾಕಿದ್ದು, ಮೂರನೆಯದು ಹಸಿ ಸುಳ್ಳು. ಎರಡೇ ಅಕ್ಷರದ "ಬಿಡು" ಇಷ್ಟನ್ನೂ ಒಂದೇ ಉಸಿರಿಗೆ ಮಾಡಿ ಮುಗಿಸುತ್ತದೆ.

ಇಂಗ್ಲಿಷಿನ ಪುಟ್ಟ ಪದಗಳ ಬಗ್ಗೆ ಆಗಾಗ ಒಂದು ಮಾಹಿತಿ ಓಡಾಡುತ್ತಿರುತ್ತದೆ. ಆಕ್ಸ್‌ಫರ್ಡ್ ನಿಘಂಟಿನ 1989ರ ಆವೃತ್ತಿಯಲ್ಲಿ "ಸೆಟ್" ಅನ್ನುವ ಕ್ರಿಯಾಪದಕ್ಕೆ 430 ಅರ್ಥಗಳಿದ್ದವು. ಆಮೇಲೆ ನಿಘಂಟು ತಿದ್ದುವಾಗ "ರನ್" 645 ಅರ್ಥ ಹೊತ್ತುಕೊಂಡು ಅದನ್ನೂ ಹಿಂದೆ ಹಾಕಿತು. ನಮ್ಮವರು ಇದನ್ನು ಬೆರಗಿನಿಂದ ಹಂಚಿಕೊಳ್ಳುತ್ತಾರೆ. ಹಂಚಿಕೊಳ್ಳಲಿ, ಬೇಡ ಅನ್ನಲ್ಲ. ಆದರೆ ಅದೇ ಜನ ಮರುದಿನ "ಕನ್ನಡದಲ್ಲಿ ಪದಗಳೇ ಸಾಲಲ್ಲ ಕಣ್ರೀ" ಅಂದಾಗ ಮೈ ಉರಿಯುತ್ತದೆ. ಇಂಗ್ಲಿಷಿನಲ್ಲಿ ಒಂದು ಪದ ನೂರು ಕೆಲಸ ಮಾಡಿದರೆ ಅದು ಶ್ರೀಮಂತಿಕೆ, ಕನ್ನಡದಲ್ಲಿ ಮಾಡಿದರೆ ಬಡತನ. ಇದ್ಯಾವ ನ್ಯಾಯ?

"ಬಿಡು" ನನಗೆ ಇಷ್ಟವಾಗುವುದು ಅದಕ್ಕೆ ಅರ್ಥ ಜಾಸ್ತಿ ಇದೆ ಅಂತಲ್ಲ. ಆ ಅರ್ಥಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ ಅಂತ. ಮಳೆ ಬಿಟ್ಟಿತು ಅಂದರೆ ನಿಂತಿತು. ಬಸ್ಸು ಬಿಟ್ಟಿತು ಅಂದರೆ ಹೊರಟಿತು. ಜ್ವರ ಬಿಟ್ಟಿತು ಅಂದರೆ ಹೋಯಿತು. ನಲ್ಲಿಯಲ್ಲಿ ನೀರು ಬಿಟ್ಟರು ಅಂದರೆ ಬಂತು, ಕೊಡ ತಗೊಂಡು ಓಡಬೇಕು. ಕುಡಿತ ಬಿಟ್ಟವನು ನಿಲ್ಲಿಸಿದ್ದಾನೆ, ಗಡ್ಡ ಬಿಟ್ಟವನು ಬೆಳೆಸಿದ್ದಾನೆ. ಗಿಡ ಹೂ ಬಿಟ್ಟರೆ ಮನೆಯವರಿಗೆಲ್ಲ ಖುಷಿ, ಹೊಸ ಸೀರೆ ಬಣ್ಣ ಬಿಟ್ಟರೆ ಅಂಗಡಿಯವನಿಗೆ ಬೈಗುಳ.

ಇದು ಹೇಗೆ ಸಾಧ್ಯ ಅಂತ ಯೋಚಿಸಿದರೆ ಬೀಗದ ಕೈ "ಹಿಡಿ"ಯಲ್ಲಿದೆ. ಕನ್ನಡದಲ್ಲಿ ಮಳೆ ಹಿಡಿಯುತ್ತದೆ, ಆಮೇಲೆ ಬಿಡುತ್ತದೆ. ಗ್ರಹಣ ಹಿಡಿಯುತ್ತದೆ, ಬಿಡುತ್ತದೆ. ದೆವ್ವ, ಹುಚ್ಚು, ಶನಿ ಎಲ್ಲದರದ್ದೂ ಇದೇ ಲೆಕ್ಕ. ಬಿಡು ಅಂದರೆ ಮೂಲದಲ್ಲಿ ಹಿಡಿತ ಸಡಿಲವಾಗುವುದು, ಅಷ್ಟೇ. ಹಿಡಿತಕ್ಕೆ ಸಿಕ್ಕಿದ್ದವರು ನಾವಾದರೆ, ಬಿಟ್ಟಾಗ ಕಾಟ ನಿಲ್ಲುತ್ತದೆ. ಹಿಡಿತದಲ್ಲಿದ್ದದ್ದು ಬಾಣವೋ ಗಾಳಿಪಟವೋ ಅಣೆಕಟ್ಟೆಯ ನೀರೋ ಆದರೆ, ಬಿಟ್ಟಾಗ ಅದರ ಓಟ ಶುರುವಾಗುತ್ತದೆ. ಪದ ಬದಲಾಗಿಲ್ಲ, ಯಾರು ಯಾರನ್ನು ಹಿಡಿದಿದ್ದರು ಅನ್ನುವುದು ಬದಲಾಗಿದೆ.

ಅಣೆಕಟ್ಟೆ ಅಂದ ಮೇಲೆ ಕಾವೇರಿ ಬರಲೇಬೇಕು. ಈ ಒಂದು ಕ್ರಿಯಾಪದದ ಮೇಲೆ ಎರಡು ರಾಜ್ಯಗಳು ನೂರು ವರ್ಷಕ್ಕೂ ಮಿಕ್ಕಿ ಜಗಳ ಆಡಿವೆ. ಬಿಡಿ ಅಂತ ಅವರು, ಬಿಡಲ್ಲ ಅಂತ ನಾವು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಅಂತ ತೀರ್ಪು ಕೊಟ್ಟಿತು. ಪುಟಗಟ್ಟಲೆ ತೀರ್ಪು. ಮಂಡ್ಯದ ಕಡೆಯ ಮಾತಿನಲ್ಲಿ ಹೇಳುವುದಾದರೆ ಅಷ್ಟೂ ಒಂದೇ ಪದ: "ಬುಡ್ಬೇಕಂತೆ." ತಮಾಷೆ ಅಂದರೆ ಆಚೆ ಕಡೆಯವರು ಕೇಳುವುದೂ ಇದೇ ಪದದಲ್ಲಿ. ಅವರದು "ವಿಡು". ತಮಿಳಿನ ವಕಾರ ನಮ್ಮಲ್ಲಿ ಬಕಾರ. ಅವರ ವಾ ನಮ್ಮ ಬಾ, ಅವರ ವೇರ್ ನಮ್ಮ ಬೇರು, ಅವರ ವಿಲ್ ನಮ್ಮ ಬಿಲ್ಲು. ತುಳುವಿನವರು ಮಂಡ್ಯದವರ ಹಾಗೇ "ಬುಡು" ಅನ್ನುತ್ತಾರೆ.

ಈ ಬಿಡುವಿನಿಂದಲೇ "ಬೀಡು" ಹುಟ್ಟಿದ್ದು. ಕೆಡುವಿನಿಂದ ಕೇಡು ಬಂದ ಹಾಗೆ. ದಂಡು ದಾರಿಯಲ್ಲಿ ಎತ್ತು, ಕುದುರೆ, ಸಾಮಾನು ಎಲ್ಲ ಬಿಟ್ಟು ತಂಗಿದ ಜಾಗ ಬೀಡು. ಆಮೇಲೆ ರಾಜ ನೆಲೆ ನಿಂತ ಊರೂ ಬೀಡಾಯಿತು. ದೋರಸಮುದ್ರ ಅಂತ ಮೆರೆದ ಹೊಯ್ಸಳರ ರಾಜಧಾನಿ ಹಾಳಾದ ಮೇಲೆ ಹಳೇಬೀಡು. ತುಳುನಾಡಿನಲ್ಲಿ ದೊಡ್ಡ ಮನೆತನದ ಮನೆಗೆ ಇವತ್ತಿಗೂ ಬೀಡು ಅಂತಲೇ ಹೆಸರು. ತಮಿಳಿನ "ವೀಡು" ಸಾಮಾನ್ಯ ಜನರ ಮನೆ, ಜೊತೆಗೆ ಮೋಕ್ಷಕ್ಕೂ ಅದೇ ಪದ. ನಮ್ಮ ಪತ್ರಿಕೆಗಳಲ್ಲಿ ಕಾಡಾನೆಗಳು ಕಾಫಿ ತೋಟದಲ್ಲಿ "ಬೀಡುಬಿಟ್ಟಿವೆ" ಅಂತ ಬರುತ್ತದಲ್ಲ, ಅಲ್ಲಿ ಬಿಡು ಎರಡು ಸಲ ಕೂತಿದೆ. ಆನೆಗಳು ಮಾತ್ರ ಏನನ್ನೂ ಬಿಟ್ಟಿಲ್ಲ, ತೋಟದ ಬಾಳೆಯನ್ನಂತೂ ಬಿಟ್ಟೇ ಇಲ್ಲ.

ಇಷ್ಟೆಲ್ಲ ಪೀಠಿಕೆ. ನಿಜವಾದ ಮಜಾ ಇರುವುದು ಬಿಡು ಇನ್ನೊಂದು ಕ್ರಿಯಾಪದದ ಬಾಲ ಹಿಡಿದಾಗ.

ನನ್ನ ಜೊತೆ ಕೆಲಸ ಮಾಡುವವರೊಬ್ಬರು ಹೊರರಾಜ್ಯದವರು, ಶ್ರದ್ಧೆಯಿಂದ ಕನ್ನಡ ಕಲಿಯುತ್ತಿದ್ದಾರೆ. ಬಿಡು ಅಂದರೆ ನಿಲ್ಲಿಸು ಅಂತ ಬರೆದುಕೊಂಡಿದ್ದರು. ರಜೆ ಬೇಕು ಅಂತ ಮ್ಯಾನೇಜರಿಗೆ ಹೇಳಲೋ ಬೇಡವೋ ಅಂತ ಒದ್ದಾಡುತ್ತಿದ್ದಾಗ ನಾನು "ಹೇಳಿಬಿಡಿ" ಅಂದೆ. ಅವರು "ಸರಿ" ಅಂತ ಸುಮ್ಮನೆ ಕೂತರು. ಹೇಳುವುದನ್ನು ಬಿಡಿ ಅಂತ ತಿಳಿದುಕೊಂಡಿದ್ದರು! ತಪ್ಪು ಅವರದಲ್ಲ. "ಹೇಳೋದು ಬಿಡಿ" ಅಂದರೆ ಬಾಯಿ ಮುಚ್ಚಿ. "ಹೇಳಿಬಿಡಿ" ಅಂದರೆ ಇನ್ನು ತಡ ಮಾಡಬೇಡಿ, ಹೇಳಿ ಹಗುರಾಗಿ. ಅವೇ ಎರಡು ಕ್ರಿಯಾಪದ, ಅರ್ಥ ಪೂರ್ತಿ ತಿರುವುಮುರುವು. ಕನ್ನಡ ಕಲಿಸುವ ಪುಸ್ತಕಗಳು ಬಣ್ಣಗಳ ಹೆಸರು, ತರಕಾರಿಗಳ ಹೆಸರು ಎಲ್ಲ ಕಲಿಸುತ್ತವೆ. ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಈ ಬಾಲವನ್ನು ಯಾಕೆ ಮೊದಲ ವಾರವೇ ಕಲಿಸಲ್ಲ ಅಂತ ನನಗೆ ಅರ್ಥವಾಗಿಲ್ಲ.

ಈ ಬಾಲ ಸುಮ್ನೆ ಅಂಟಿಕೊಂಡದ್ದಲ್ಲ. "ಹೋದ" ಅಂದರೆ ಸುದ್ದಿ. "ಹೋಗಿಬಿಟ್ಟ" ಅಂದರೆ ಹೇಳುವವರ ಹೊಟ್ಟೆಯೊಳಗಿನ ಸಂಕಟವೂ ಅದರಲ್ಲಿದೆ. "ಲೋಟ ಒಡೆಯಿತು" ಅನ್ನುವುದು ವರದಿ, "ಒಡೆದುಬಿಡ್ತು" ಅನ್ನುವಾಗ ಅಯ್ಯೋ ಅನ್ನುವ ಧ್ವನಿ ಇದೆ. ಪಾಸಾದ ಹುಡುಗಿ "ಪಾಸಾಗ್ಬಿಟ್ಟೆ" ಅಂದರೆ ಅವಳಿಗೇ ನಂಬಿಕೆ ಇರಲಿಲ್ಲ ಅಂತ ಗೊತ್ತಾಗುತ್ತದೆ. "ಇದೊಂದು ತುತ್ತು ತಿಂದ್ಬಿಡು" ಅಂದರೆ ಅಪ್ಪಣೆ ಅಲ್ಲ, ಪುಸಲಾಯಿಸುವುದು. ಕೆಲಸ ಮುಗಿದದ್ದು, ಕೈ ಮೀರಿದ್ದು, ಅಂದುಕೊಳ್ಳದೆ ಆದದ್ದು, ಎಲ್ಲಕ್ಕೂ ಈ ಒಂದೇ ಬಾಲ ಸಾಕು. ತಮಿಳಿನಲ್ಲೂ ಇದು ಹೀಗೇ ಇದೆ. ಹೋಗಿಬಿಟ್ಟ ಅನ್ನುವುದಕ್ಕೆ ಅವರ "ಪೋಯ್‌ವಿಟ್ಟಾನ್" ಎದುರಿಗೆ ಇಟ್ಟು ನೋಡಿ.

ಇಂಥದ್ದನ್ನು "ಆಡುಮಾತು" ಅಂತ ಹೊಡೆದು ಹಾಕುವವರಿದ್ದಾರೆ. ಒಂದು ಪತ್ರಿಕೆಗೆ ನಾನು ಕಳಿಸಿದ ಬರಹದಲ್ಲಿ "ಅಜ್ಜಿ ಅತ್ತುಬಿಟ್ಟರು" ಅಂತ ಇತ್ತು. ಅಚ್ಚಾಗಿ ಬಂದಾಗ "ಅಜ್ಜಿ ಅತ್ತರು" ಆಗಿತ್ತು. ಒಂದು ಪದ ಉಳಿಸಿದ ಸಮಾಧಾನ ತಿದ್ದಿದವರಿಗೆ. ನನ್ನ ಅಜ್ಜಿ ತಡೆದುಕೊಂಡು ತಡೆದುಕೊಂಡು ಕೊನೆಗೆ ಆಗದೆ ಅತ್ತದ್ದು ಆ ಒಂದು ಪದದೊಳಗೆ ಇತ್ತು. ಅದು ಹೋಯಿತು. ಈಗಿನ ಯಂತ್ರಾನುವಾದವೂ ಎಷ್ಟೋ ಸಲ ಇದನ್ನೇ ಮಾಡುತ್ತದೆ. ಎಲ್ಲರೂ ಅತ್ತರು, ಬಿದ್ದರು, ಹೋದರು. ಯಾರೂ ಬಿದ್ದುಬಿಡುವುದಿಲ್ಲ.

ಹಾಗಂತ ಎಲ್ಲ ಬಿಡುವನ್ನೂ ನಾನು ವಹಿಸಿಕೊಳ್ಳಲ್ಲ. ಟಿವಿ ಸಂದರ್ಶನಗಳಲ್ಲಿ ಕೇಳಿಬರುವ "ಅಂತ ಹೇಳ್ಬಿಟ್ಟು" ಇದೆಯಲ್ಲ, "ಕತೆ ಚೆನ್ನಾಗಿದೆ ಅಂತ ಹೇಳ್ಬಿಟ್ಟು ಒಪ್ಕೊಂಡೆ ಅಂತ ಹೇಳ್ಬಿಟ್ಟು", ಅದಕ್ಕೆ ಅರ್ಥವೂ ಇಲ್ಲ, ಭಾವವೂ ಇಲ್ಲ. ಮುಂದಿನ ಮಾತು ತಲೆಗೆ ಹೊಳೆಯುವ ತನಕ ಬಾಯಿ ಆಡುತ್ತಿರಲಿ ಅಂತ ಇಟ್ಟುಕೊಂಡಿರುವುದು.

ಮೈಮೇಲಿನ ಅಂಗಗಳಿಗೆ ಸೇರಿದರೂ ಇದು ಸುಮ್ಮನಿರಲ್ಲ. ಕಣ್ಣು ಬಿಟ್ಟರೆ ಎಚ್ಚರ, ಕಣ್ಣು ಕಣ್ಣು ಬಿಟ್ಟರೆ ದಿಕ್ಕೇ ತೋಚದ ಸ್ಥಿತಿ. ಬಾಯಿ ಬಿಟ್ಟರೆ ಕಳ್ಳ ನಿಜ ಹೇಳಿದ. ಕೈ ಬಿಟ್ಟರೆ ನಡುನೀರಿನಲ್ಲಿ ಮೋಸ. ಮೊಮ್ಮಗನ ಮೇಲೆ ತಾತ ಪ್ರಾಣ ಬಿಡುತ್ತಾನೆ, ಆಮೇಲೂ ನೂರು ವರ್ಷ ಬದುಕುತ್ತಾನೆ.

ವಾಕ್ಯದ ಕೊನೆಗೆ ಬರುವ "ಬಿಡಿ" ಇನ್ನೊಂದು ಜಾತಿ. "ಆಗುತ್ತೆ ಬಿಡಿ" ಅಂದರೆ ಧೈರ್ಯ. "ಹೋಗ್ಲಿ ಬಿಡಿ" ಅಂದರೆ ಸಮಾಧಾನ. "ನೀವು ದೊಡ್ಡವರು ಬಿಡಿ" ಅಂದರೆ ಮಾತ್ರ ಸ್ವಲ್ಪ ಹುಷಾರಾಗಿರಬೇಕು, ಅದು ಮರ್ಯಾದೆ ಅಲ್ಲ. ಮಕ್ಕಳು ಬೆರಳು ತೋರಿಸಿ "ಟೂ ಬಿಟ್ಟೆ" ಅಂದರೆ ಮಾತುಕತೆ ಬಂದ್, ಸಂಜೆ ಆಟದ ತನಕ.

ಇವೆಲ್ಲಕ್ಕಿಂತ ನನಗೆ ಹತ್ತಿರದ್ದು "ಬಿಡ್ತು ಅನ್ನು". ಮಾತಿನ ಭರದಲ್ಲಿ "ನಾನು ಸತ್ತರೆ" ಅಂತ ಏನಾದರೂ ಬಾಯಿಗೆ ಬಂದರೆ, ಪಕ್ಕದಲ್ಲಿರುವ ಹಿರಿಯರು ಮಾಡುತ್ತಿದ್ದ ಕೆಲಸ ನಿಲ್ಲಿಸಿ ಗದರುತ್ತಾರೆ: "ಬಿಡ್ತು ಅನ್ನು!" ನಾವು "ಬಿಡ್ತು" ಅನ್ನಬೇಕು. ಅನ್ನುವ ತನಕ ಅವರು ಬಿಡಲ್ಲ. ಆಡಿದ ಕೆಟ್ಟ ಮಾತು ನಮ್ಮನ್ನು ಹಿಡಿದುಕೊಂಡೀತು ಅನ್ನುವ ಭಯ ಅದು. ಹಿಡಿಯುವ ಮೊದಲೇ ಬಿಟ್ಟಿತು ಅಂತ ಹೇಳಿಸಿ ಲೆಕ್ಕ ಚುಕ್ತಾ ಮಾಡುತ್ತಾರೆ. ನನಗೆ ಶಕುನದಲ್ಲಿ ನಂಬಿಕೆ ಇಲ್ಲ. ಆದರೂ ಯಾರಾದರೂ ಅಂಥ ಮಾತಾಡಿದರೆ ನನ್ನ ಬಾಯಲ್ಲೂ ಮೊದಲು ಬರುವುದು ಇದೇ.

"ಬಿಡಿಸು" ಅಂತ ಇದರ ಮಗು ಒಂದಿದೆ, ಅದರ ಸಂಸಾರವೇ ಬೇರೆ. ಅವರೆಕಾಯಿ, ಒಗಟು, ಜಗಳ, ಸಿಕ್ಕು, ಚಿತ್ರ, ಗೆಳೆಯನ ಕುಡಿತ, ಜೈಲಲ್ಲಿರುವ ಅಳಿಯ, ಎಲ್ಲವನ್ನೂ ಬಿಡಿಸುತ್ತೇವೆ. ಅದಕ್ಕೆ ಇನ್ನೊಂದು ಬರಹ ಬೇಕು.

"ಬಿಡು" ಅನ್ನುವುದು ಬರೀ ಆಡುಮಾತು, "ತ್ಯಜಿಸು", "ನಿರ್ಗಮಿಸು" ಅಂತ ಬರೆದರೇ ಬರವಣಿಗೆಗೆ ತೂಕ ಅನ್ನುವವರಿಗೆ ನನ್ನದೊಂದು ಸಣ್ಣ ಕೆಲಸ. "ಬಿಟ್ಟೂ ಬಿಡದೆ ಕಾಡಿದ ಕೆಮ್ಮು ನಿನ್ನೆ ಬಿಟ್ಟುಬಿಡ್ತು ಬಿಡಿ." ಇದನ್ನು ಬಿಡು ಇಲ್ಲದೆ ಬರೆದು ತೋರಿಸಿ. ಒಂದು ಸಾಲಿನಲ್ಲೇ ಆಗಬೇಕು, ಕೇಳಿದವರಿಗೆ ಕೆಮ್ಮು ಹೋದ ಹಾಯೂ ಗೊತ್ತಾಗಬೇಕು.